ನಗುವೂ ಅನುಮೋದನೆಯೇ

ಕೃಷ್ಣೆಯ ದಂಡೆಯ ಊರುಗಳಲ್ಲಿ ಜಾತ್ರೆಯೆಂದರೆ ತೇರು, ಪ್ರಸಾದ, ನಾಟಕ ಮೂರೂ ಕೂಡಿಯೇ ಬರಬೇಕು. ರಬಕವಿ, ಬನಹಟ್ಟಿ, ತೇರದಾಳ, ಜಮಖಂಡಿ, ಮುಧೋಳಗಳ ಸೀಮೆಯಲ್ಲಿ ಹಗಲೆಲ್ಲ ಮಗ್ಗದ ಸಪ್ಪಳವನ್ನೇ ಕೇಳಿದ ಕಿವಿಗಳಿಗೆ ರಾತ್ರಿ ಹಾರ್ಮೋನಿಯಮ್ಮಿನ ಸ್ವರ ಹಿತವಾಗುತ್ತದೆ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ದೊಡ್ಡಾಟ, ಕಂಪನಿ ನಾಟಕ ಎಂದು ಆಟದ ಹೆಸರು ಬದಲಾಗಬಹುದು. ಸಭೆ ಮಾತ್ರ ಅದೇ. ಮುಂದೆ ಮಕ್ಕಳು, ಒಂದು ಬದಿಗೆ ಹೆಂಗಸರು, ಮತ್ತೊಂದು ಬದಿಗೆ ಗಂಡಸರು, ಹಿಂದೆ ನಿಂತು ಸಿಳ್ಳೆ ಹಾಕುವ ತರುಣರು. ಈ ಸಭೆಯಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮಾಡಿಸಿ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಬಂದ ಶ್ರಾವಕ ಶ್ರಾವಿಕೆಯರೂ ಇರುತ್ತಾರೆ.

ಆಟದ ನಡುವೆ ಒಂದು ವಿಚಿತ್ರ ಗಳಿಗೆ ಬರುತ್ತದೆ. ರಂಗದ ಮೇಲೆ ಒಬ್ಬನನ್ನು ಹೊಡೆಯುತ್ತಾರೆ, ಬಡಿಯುತ್ತಾರೆ, ಕೆಲವೊಮ್ಮೆ ಕೊಂದೇ ಬಿಡುತ್ತಾರೆ; ಆದರೆ ಆ ಕೆಲಸವನ್ನು ಮಾಡುವವನು ಹಾಸ್ಯಗಾರ. ಅವನ ನಡಿಗೆ ಸೊಟ್ಟ, ಮಾತು ತೊದಲು, ಕೈಯಲ್ಲಿ ಕಟ್ಟಿಗೆಯ ಕತ್ತಿ. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಕ್ಕ ಮರುಕ್ಷಣ ಕೆಲವರಿಗೆ ಒಳಗೆಲ್ಲೋ ಚುಚ್ಚಿದಂತಾಗುತ್ತದೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಮರುದಿನ ಬಸದಿಯ ಕಟ್ಟೆಯ ಮೇಲೆ ಇದೇ ಮಾತು ಚರ್ಚೆಗೆ ಬರುತ್ತದೆ. ಹಿರಿಯರೊಬ್ಬರು, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇಂಥ ಆಟಕ್ಕೆ ಹೋಗಲೇಬಾರದು ಎನ್ನುತ್ತಾರೆ. ತರುಣರು, ಕತ್ತಿ ಕಟ್ಟಿಗೆಯದು, ರಕ್ತ ಬಣ್ಣದ್ದು, ಸತ್ತವನು ಪರದೆಯ ಹಿಂದೆ ಚಹಾ ಕುಡಿಯುತ್ತಿರುತ್ತಾನೆ, ಇದರಲ್ಲಿ ಹಿಂಸೆ ಎಲ್ಲಿದೆ ಎಂದು ಕೇಳುತ್ತಾರೆ. ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸತ್ಯವು ರಂಗದ ಮೇಲಿಲ್ಲ. ಸಭೆಯಲ್ಲಿ ಕುಳಿತವನ ಪರಿಣಾಮದಲ್ಲಿದೆ, ಅಂದರೆ ಅವನ ಮನೋಭಾವದಲ್ಲಿದೆ.

ಕನ್ನಡ ರಂಗಭೂಮಿಯಲ್ಲಿ ಈ ಸಂಗತಿಯನ್ನು ತೀಕ್ಷ್ಣವಾಗಿ ಪರೀಕ್ಷಿಸಿದ ಕೃತಿಗಳಲ್ಲಿ ಗಿರೀಶ ಕಾರ್ನಾಡರ 1964ರ ‘ತುಘಲಕ್’ ಮುಖ್ಯವಾದುದು. ಸುಲ್ತಾನನ ಕನಸು ಮತ್ತು ಪತನದ ಕಥೆಯಾಗಿ ಅದು ಪ್ರಸಿದ್ಧ. ಆದರೆ ಸಭೆಯನ್ನು ನಗಿಸುವವರು ಅಜೀಜ ಮತ್ತು ಅಜಮ ಎಂಬ ಇಬ್ಬರು. ಹಿಂದಿನ ಕಂಪನಿ ನಾಟಕಗಳಲ್ಲಿ ಪರದೆಯ ಹಿಂದೆ ಅರಮನೆಯ ದೊಡ್ಡ ದೃಶ್ಯವನ್ನು ಸಜ್ಜುಗೊಳಿಸುತ್ತಿರುವಾಗ ಪರದೆಯ ಮುಂದೆ ಹಾಸ್ಯಗಾರರು ಬಂದು ಸಭೆಯನ್ನು ಹಿಡಿದಿಡುತ್ತಿದ್ದರು. ಕಾರ್ನಾಡರು ಆ ಹಳೆಯ ಕ್ರಮವನ್ನೇ ಎತ್ತಿಕೊಂಡು ಅಜೀಜ ಮತ್ತು ಅಜಮರನ್ನು ಆ ಹಾಸ್ಯಗಾರರ ಜಾಗದಲ್ಲಿ ನಿಲ್ಲಿಸಿದರು. ಆದುದರಿಂದ ಅಜೀಜ ಬಂದೊಡನೆ ನಗುವುದಕ್ಕೆ ಸಭೆ ಮೊದಲೇ ಸಿದ್ಧವಾಗಿರುತ್ತದೆ.

ಅಜೀಜ ವೃತ್ತಿಯಿಂದ ಅಗಸ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಪರಿಹಾರವನ್ನೂ ನೌಕರಿಯನ್ನೂ ಪಡೆಯುತ್ತಾನೆ. ಸಭೆಗೆ ಅವನ ಚಾಣಾಕ್ಷತೆ ಹಿಡಿಸುತ್ತದೆ. ದೊಡ್ಡವರಿಗೆ ಟೋಪಿ ಹಾಕಿದ ಚಿಕ್ಕವನನ್ನು ಯಾರು ಮೆಚ್ಚುವುದಿಲ್ಲ? ಮುಂದೆ ದೆಹಲಿಯ ಜನ ದೌಲತಾಬಾದಿಗೆ ಗುಳೆ ಹೊರಟಾಗ, ಸಾಯುತ್ತಿರುವ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ವೈದ್ಯನ ಬಳಿ ಹೋಗಲು ಅಪ್ಪಣೆ ಬೇಡುತ್ತಾಳೆ. ಅಜೀಜ ಲಂಚವಿಲ್ಲದೆ ಬಿಡುವುದಿಲ್ಲ. ಇಲ್ಲಿ ನಗು ಸ್ವಲ್ಪ ತಡೆಯುತ್ತದೆ. ಆದರೂ ಅವನ ಮುಂದಿನ ಚಟಾಕಿಗೆ ಸಭೆ ಮತ್ತೆ ನಗುತ್ತದೆ. ಕೊನೆಗೆ ಅವನು ಖಲೀಫರ ವಂಶದ ಅತಿಥಿಯೊಬ್ಬನನ್ನು ಕೊಂದು, ಅವನ ನಿಲುವಂಗಿಯನ್ನು ತೊಟ್ಟು ಕುಣಿಯುತ್ತಾನೆ. ಸಂಗಡಿಗ ಅಜಮನಿಗೂ ನಗು, ಕುಣಿ ಎಂದು ಒತ್ತಾಯಿಸುತ್ತಾನೆ. ಜೇಬುಗಳ್ಳನಾದ ಅಜಮನಿಗೆ ನಗು ಬರುವುದಿಲ್ಲ. ಅಲ್ಲಿಯವರೆಗೆ ಅಜೀಜನೊಂದಿಗೆ ನಗುತ್ತ ಬಂದ ಸಭೆಯ ಮುಂದೆ, ನಗಲಾರದ ಆ ಸಣ್ಣ ಕಳ್ಳನ ಮುಖವೊಂದು ನಿಲ್ಲುತ್ತದೆ. ಸಭೆಯಲ್ಲಿ ಎಷ್ಟು ಜನ ಆ ಮುಖವನ್ನು ನೋಡುತ್ತಾರೆ, ಎಷ್ಟು ಜನ ಅಜೀಜನ ಕುಣಿತವನ್ನಷ್ಟೇ ನೋಡುತ್ತಾರೆ ಎಂಬುದೇ ಇಲ್ಲಿಯ ಪ್ರಶ್ನೆ.

ನಾಟಕದ ಕೊನೆಯಲ್ಲಿ ಎಲ್ಲವನ್ನೂ ತಿಳಿದ ಸುಲ್ತಾನ ಅಜೀಜನನ್ನು ಶಿಕ್ಷಿಸುವುದಿಲ್ಲ; ದಖ್ಖನಿಗೆ ಅಧಿಕಾರಿಯಾಗಿ ಕಳುಹಿಸುತ್ತಾನೆ. ಸುಲ್ತಾನ ಮಾಡಿದ್ದು ಅನ್ಯಾಯವೆಂದು ಸಭೆ ಎದ್ದು ಹೇಳಬಹುದು. ಆದರೆ ಅದಕ್ಕಿಂತ ಮೊದಲೇ, ಮೂರು ತಾಸು ಅವನೊಂದಿಗೆ ನಕ್ಕು, ಸಭೆಯೂ ಅವನನ್ನು ಕ್ಷಮಿಸಿ ಆಗಿತ್ತಲ್ಲವೇ?

ಜೈನಾಗಮವು ನಗುವನ್ನು ಕುರಿತು ಆಶ್ಚರ್ಯವಾಗುವಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದೆ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಚಾರಿತ್ರಮೋಹನೀಯ ಕರ್ಮದ 25 ಭೇದಗಳು ಬರುತ್ತವೆ. ಅವುಗಳಲ್ಲಿ 16 ಕಷಾಯಗಳು, 9 ನೋಕಷಾಯಗಳು. ಆ ಒಂಬತ್ತರ ಪಟ್ಟಿಯಲ್ಲಿ ಮೊದಲ ಹೆಸರೇ ಹಾಸ್ಯ. ಅನಂತರ ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ‘ನೋ’ ಎಂದರೆ ಇಲ್ಲಿ ಇಲ್ಲವೆಂದಲ್ಲ, ಅಲ್ಪ ಎಂದರ್ಥ. ನೋಕಷಾಯವು ಒಂಟಿಯಾಗಿ ನಿಲ್ಲದೆ ಕ್ರೋಧ, ಮಾನ, ಮಾಯೆ, ಲೋಭಗಳ ಜೊತೆಗೂಡಿ ಕೆಲಸ ಮಾಡುತ್ತದೆ. ನೇಕಾರರ ಊರಿನವರಿಗೆ ಇದನ್ನು ತಿಳಿಸುವುದು ಸುಲಭ. ಕಷಾಯವು ಹಾಸು, ನೋಕಷಾಯವು ಹೊಕ್ಕು. ಹಾಸಿನಲ್ಲಿ ಯಾವ ಬಣ್ಣದ ನೂಲಿದೆಯೋ ಅದರೊಂದಿಗೆ ಹೊಕ್ಕು ಸೇರಿ ಬಟ್ಟೆಯಾಗುತ್ತದೆ. ಒಳಗೆ ಮಾನಕಷಾಯವಿದ್ದರೆ ಆ ನಗು ಪರರನ್ನು ಹೀಯಾಳಿಸುವ ನಗುವಾಗುತ್ತದೆ. ಒಳಗೆ ಕ್ರೋಧವಿದ್ದರೆ, ತನಗೆ ಆಗದವನ ಮೇಲೆ ಬಿದ್ದ ಏಟನ್ನು ಕಂಡು ಹಿಗ್ಗುವ ನಗುವಾಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಹಾಸ್ಯದೊಂದಿಗೆ ಭಯ ಮತ್ತು ಜುಗುಪ್ಸೆಗಳೂ ಅದೇ ಪಟ್ಟಿಯಲ್ಲಿವೆ. ಘೋರವಾದುದನ್ನು ಕಂಡಾಗ ಹೆದರಿ ನಗುವವರೂ ಅಸಹ್ಯವನ್ನು ತಡೆಯಲಾರದೆ ನಗುವವರೂ ಉಂಟು. ಹೊರಗಿನಿಂದ ಎಲ್ಲ ನಗುವೂ ಒಂದೇ ಸದ್ದು; ಒಳಗಿನ ಹಾಸು ಮಾತ್ರ ಬೇರೆ ಬೇರೆ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತವನ್ನು ಕಾಪಾಡುವ ಐದು ಭಾವನೆಗಳಿವೆ. ಕ್ರೋಧ, ಲೋಭ, ಭಯಗಳನ್ನು ತ್ಯಜಿಸಬೇಕೆಂದು ಹೇಳುವಾಗ ಹಾಸ್ಯವನ್ನೂ ಅವುಗಳ ಸಾಲಿಗೇ ಸೇರಿಸಲಾಗಿದೆ, ಏಕೆಂದರೆ ತಮಾಷೆಗಾಗಿ ಆಡುವ ಸುಳ್ಳೂ ಸುಳ್ಳೇ. ಮುಂದೆ ಗೃಹಸ್ಥನ ಅನರ್ಥದಂಡವಿರತಿ ವ್ರತದ ಅತಿಚಾರಗಳನ್ನು ಎಣಿಸುವಾಗ ಎರಡು ಪದಗಳು ಬರುತ್ತವೆ. ಒಂದು ಕಂದರ್ಪ, ಅಂದರೆ ರಾಗದಿಂದ ನಗುತ್ತ ಆಡುವ ಅಸಭ್ಯ ಮಾತು. ಮತ್ತೊಂದು ಕೌತ್ಕುಚ್ಯ, ಅಂದರೆ ಅಂಥ ಮಾತಿಗೆ ದೇಹದ ಕುಚೇಷ್ಟೆಯನ್ನೂ ಸೇರಿಸುವುದು. ಜಾತ್ರೆಯ ನಾಟಕಗಳಲ್ಲಿ ಈಚೆಗೆ ಹೆಚ್ಚಿರುವ ದ್ವಂದ್ವಾರ್ಥದ ಸಂಭಾಷಣೆಯನ್ನೂ ಅಂಗಚೇಷ್ಟೆಯನ್ನೂ ಬಲ್ಲವರಿಗೆ ಈ ಎರಡು ಪದಗಳ ವ್ಯಾಖ್ಯಾನ ಬೇಕಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ದುಃಶ್ರುತಿಯನ್ನೂ ಹೇಳುತ್ತದೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೇ ದುಃಶ್ರುತಿ. ಹೇಳಿದವನಿಗಷ್ಟೇ ಅಲ್ಲ, ಕೇಳಿದವನಿಗೂ ಲೆಕ್ಕವಿದೆ.

ಈ ಲೆಕ್ಕವನ್ನು ಆಚಾರ್ಯರು ಅಂಕಿಗಳಲ್ಲಿಯೇ ಕೊಟ್ಟಿದ್ದಾರೆ. ಒಂದು ಕೃತ್ಯಕ್ಕೆ ಮೂರು ಹಂತಗಳು: ಸಂಕಲ್ಪಿಸುವ ಸಂರಂಭ, ಸಾಧನಗಳನ್ನು ಕೂಡಿಸುವ ಸಮಾರಂಭ, ತೊಡಗುವ ಆರಂಭ. ಅದಕ್ಕೆ ಮೂರು ದ್ವಾರಗಳು: ಮನಸ್ಸು, ಮಾತು, ಕಾಯ. ಮೂರು ವಿಧಗಳು: ತಾನೇ ಮಾಡುವ ಕೃತ, ಪರರಿಂದ ಮಾಡಿಸುವ ಕಾರಿತ, ಮಾಡಿದ್ದನ್ನು ಮೆಚ್ಚುವ ಅನುಮೋದನೆ. ಪ್ರೇರಕವಾದ ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಎಣಿಸುವಾಗ ಈ 108 ದ್ವಾರಗಳನ್ನು ನೆನೆಯಬೇಕೆಂದು ಹಿರಿಯರು ಹೇಳುವುದುಂಟು. ಆ 108ರಲ್ಲಿ ಮೂರನೆಯ ಒಂದು ಪಾಲು, ಅಂದರೆ 36, ಅನುಮೋದನೆಯದು. ಕೈಯಲ್ಲಿ ಕತ್ತಿ ಹಿಡಿಯದೆ, ಯಾರಿಗೂ ಕೊಲ್ಲೆಂದು ಹೇಳದೆ, ಕುಳಿತ ಜಾಗದಲ್ಲಿಯೇ ಕುಳಿತು ತೆರೆಯಬಹುದಾದ ದ್ವಾರಗಳು 36. ಒಂಬತ್ತನೆಯ ಅಧ್ಯಾಯದ ರೌದ್ರಧ್ಯಾನವಂತೂ ಇನ್ನೂ ನೇರವಾದುದು. ಹಿಂಸೆಯಲ್ಲಿ ಆನಂದಪಡುವ ಮನಸ್ಸಿನ ಏಕಾಗ್ರತೆಯನ್ನು ಹಿಂಸಾನಂದಿ ಎಂದು ಕರೆಯುತ್ತಾರೆ. ಅದೂ ಒಂದು ಧ್ಯಾನವೇ. ಅಧೋಗತಿಗೆ ಒಯ್ಯುವ ಧ್ಯಾನ.

ತಂದುಲಮತ್ಸ್ಯದ ಕಥೆಯನ್ನು ಕೇಳದ ಶ್ರಾವಕರ ಮನೆಯಿಲ್ಲ. ಸ್ವಯಂಭೂರಮಣ ಸಮುದ್ರದಲ್ಲಿ ಒಂದು ಮಹಾಮತ್ಸ್ಯ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ಮರಿಮೀನು. ಮಹಾಮತ್ಸ್ಯವು ಬಾಯಿ ತೆರೆದು ಮಲಗಿದಾಗ ಅಸಂಖ್ಯ ಜಲಚರಗಳು ಒಳಗೆ ಹೋಗಿ ಹೊರಗೆ ಬರುತ್ತವೆ. ಅದನ್ನು ಕಂಡ ಮರಿಮೀನು, ತನಗೆ ಇಂಥ ಬಾಯಿ ಇದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ ಎಂದು ಎಣಿಸುತ್ತದೆ. ಅದು ಒಂದು ಜೀವವನ್ನೂ ಕೊಲ್ಲಲಿಲ್ಲ. ಆದರೂ ಏಳನೆಯ ನರಕಕ್ಕೆ ಹೋಯಿತು. ಇಡೀ ಕಥೆಯಲ್ಲಿ ಆ ಮರಿಮೀನು ಮಾಡಿದ್ದು ಒಂದೇ ಕೆಲಸ: ಒಳ್ಳೆಯ ಜಾಗದಲ್ಲಿ ಕುಳಿತು ನೋಡಿದ್ದು. ಪ್ರೇಕ್ಷಕನ ಕಥೆಯೆಂದರೆ ಇದೇ.

ಇಷ್ಟನ್ನು ಓದಿ, ಹಾಗಾದರೆ ನಾಟಕವೇ ಬೇಡ ಎಂದ ಹಿರಿಯರ ಮಾತೇ ಗೆದ್ದಿತು ಎಂದು ಯಾರಾದರೂ ಭಾವಿಸಿದರೆ, ಅವರು ಕನ್ನಡದ ಜೈನ ಕವಿಗಳನ್ನು ಮರೆತಂತಾಗುತ್ತದೆ. ರಂಗವನ್ನು ಜೈನ ಪರಂಪರೆ ತೊರೆದದ್ದಿಲ್ಲ. ಹಸ್ತಿಮಲ್ಲನು ಸಂಸ್ಕೃತದಲ್ಲಿ ವಿಕ್ರಾಂತಕೌರವ, ಮೈಥಿಲೀಕಲ್ಯಾಣ, ಅಂಜನಾಪವನಂಜಯ, ಸುಭದ್ರಾ ಎಂಬ ನಾಟಕಗಳನ್ನು ಬರೆದ ದಿಗಂಬರ ಜೈನ ಗೃಹಸ್ಥ. ಜಿನನ ಸಮವಸರಣದ ವರ್ಣನೆಯಲ್ಲಿಯೇ ನಾಟ್ಯಶಾಲೆಗಳಿವೆ. ಹಿಂಸೆಯ ದೃಶ್ಯವನ್ನು ತೋರಿಸಬಾರದೆಂದು ಜೈನ ಕವಿಗಳು ಎಂದೂ ಎಣಿಸಲಿಲ್ಲ. ಅದನ್ನು ತೋರಿಸಿದ ಮೇಲೆ ಓದುಗನ ಮನಸ್ಸನ್ನು ಎಲ್ಲಿಗೆ ಮುಟ್ಟಿಸಬೇಕೆಂಬುದನ್ನು ಮಾತ್ರ ಅವರು ಎಂದೂ ಮರೆಯಲಿಲ್ಲ.

ದೂರ ಹೋಗಬೇಕಿಲ್ಲ. ರಬಕವಿಗೆ ಸಮೀಪದ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು, ಎರಡನೆಯ ತೀರ್ಥಂಕರರ ಚರಿತೆಯಾದ ಅಜಿತಪುರಾಣವನ್ನು ಬರೆದ ಕೈಯಿಂದಲೇ ಗದಾಯುದ್ಧವನ್ನೂ ಬರೆದ. ಅದರಲ್ಲಿ ದುರ್ಯೋಧನನು ಸಂಜಯನೊಂದಿಗೆ ಹೆಣಗಳಿಂದ ತುಂಬಿದ ರಣರಂಗದಲ್ಲಿ ನಡೆಯುವ ಭಾಗವಿದೆ. ಅಲ್ಲಿ ನೆತ್ತರು ಕುಡಿದು ಕುಣಿಯುವ ಮರುಳುಗಳು ಕುರುಪತಿಯನ್ನೇ ಅಣಕಿಸುತ್ತವೆ. ಇಷ್ಟು ಘೋರವಾದ ಜಾಗದಲ್ಲಿ ಇಷ್ಟು ಹಾಸ್ಯ ಕನ್ನಡದಲ್ಲಿ ವಿರಳ. ಆದರೆ ಆ ನಗು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಮರುಳು ಎಂಬ ಪದಕ್ಕೆ ಪಿಶಾಚಿ ಎಂಬ ಅರ್ಥವೂ ಇದೆ, ಬುದ್ಧಿಗೆಟ್ಟವನು ಎಂಬ ಅರ್ಥವೂ ಇದೆ. ಹೆಣ ತಿನ್ನುವವು ಮರುಳೋ, ಇಷ್ಟು ಹೆಣಗಳನ್ನು ಉರುಳಿಸಿದವನು ಮರುಳೋ ಎಂಬ ಸಂದೇಹವನ್ನು ಕವಿ ಓದುಗನ ಮನಸ್ಸಿನಲ್ಲಿ ಎಬ್ಬಿಸುತ್ತಾನೆ. ಅಲ್ಲಿ ಸತ್ತವರ ಮೇಲೆ ನಗುವಿಲ್ಲ. ಕೊಲ್ಲಿಸಿದ ಛಲದ ಮೇಲೆ ನಗುವಿದೆ. ಅಂಥ ನಗು ಹಿಂಸೆಗೆ ಅನುಮೋದನೆ ಕೊಡುವುದಿಲ್ಲ. ಕೊಟ್ಟಿದ್ದ ಅನುಮೋದನೆಯನ್ನು ಹಿಂದಕ್ಕೆ ಪಡೆಯುತ್ತದೆ.

ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಯು ಈ ವಿಚಾರದ ತಳವನ್ನೇ ಮುಟ್ಟುತ್ತದೆ. ರಾಜ ಯಶೋಧರನು ಪ್ರಾಣಿಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿ, ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಬಲಿ ಕೊಡು ಎಂದು ಒತ್ತಾಯಿಸುತ್ತಾಳೆ. ತಾಯಿಯ ಮಾತಿಗೆ ಕಟ್ಟುಬಿದ್ದು ಮಗ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಅನಂತರ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಎಂದು ಜನ್ಮಜನ್ಮಾಂತರಗಳಲ್ಲಿ ಅಲೆದು, ಕೊಂದವರಿಂದ ಕೊಲ್ಲಿಸಿಕೊಂಡು ಬಳಲುತ್ತಾರೆ. ಇದು ಹಿಟ್ಟು ಮಾತ್ರ ಎಂಬ ತಾಯಿಯ ಮಾತಿಗೂ ಇದು ನಾಟಕ ಮಾತ್ರ ಎಂಬ ತರುಣರ ಮಾತಿಗೂ ಹೆಚ್ಚು ದೂರವಿಲ್ಲ. ಅಜೀಜನನ್ನು ಸೃಷ್ಟಿಸಿದ ಕಾರ್ನಾಡರೇ ಮುಂದೆ ಈ ಕಥೆಯನ್ನು ‘ಹಿಟ್ಟಿನ ಹುಂಜ’ ಎಂಬ ನಾಟಕವಾಗಿ ರಂಗಕ್ಕೆ ತಂದದ್ದು ಕೇವಲ ಆಕಸ್ಮಿಕವಾಗಿರಲಾರದು.

ಆದರೂ ಇಲ್ಲಿ ಎಚ್ಚರದಿಂದ ವಿವೇಚಿಸಬೇಕು. ಯಶೋಧರನು ಬಲಿಯ ಫಲವನ್ನು ಬಯಸಿ, ಕೊಲ್ಲುವ ಸಂಕಲ್ಪದಿಂದಲೇ ಹಿಟ್ಟನ್ನು ಕಡಿದನು. ಆದ್ದರಿಂದ ಅದು ಸಂಕಲ್ಪಹಿಂಸೆ. ನಟನಿಗೆ ಅಂಥ ಸಂಕಲ್ಪವಿಲ್ಲ. ಅವನು ಕಟ್ಟಿಗೆಯ ಕತ್ತಿಯನ್ನು ಎತ್ತುವುದು ಕಥೆಯನ್ನು ಕಾಣಿಸುವುದಕ್ಕೆ. ಹಾಗಾಗಿ ನಟನನ್ನು ದೂಷಿಸುವುದಾಗಲಿ, ಆಟವನ್ನು ನಿಲ್ಲಿಸಿರೆಂದು ಗದ್ದಲ ಮಾಡುವುದಾಗಲಿ ಶ್ರಾವಕನ ಮಾರ್ಗವಲ್ಲ. ರಂಗದ ಮೇಲೆ ಸಂಕಲ್ಪವಿಲ್ಲದಿದ್ದರೂ ಸಭೆಯಲ್ಲಿ ಒಬ್ಬನ ಮನಸ್ಸಿನೊಳಗೆ ಅದು ಹುಟ್ಟಬಹುದು. ಹೊಡೆ, ಇನ್ನೂ ಹೊಡೆ ಎಂದು ಹಿಂದಿನ ಸಾಲಿನಿಂದ ಕೂಗಿದವನ ಬಾಯಿಯಲ್ಲಿ, ಕೊಲೆಯ ದೃಶ್ಯಕ್ಕೆ ಒನ್ಸ್ ಮೋರ್ ಎಂದವನ ನಾಲಗೆಯಲ್ಲಿ, ಹಿಟ್ಟಿನ ಹುಂಜ ಆಗಲೇ ಕೂಗಿರುತ್ತದೆ.

ಉತ್ತರ ಕರ್ನಾಟಕದ ಜನ ತಲೆಮಾರುಗಳಿಂದ ನೋಡಿರುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟವು ಸಭೆಯ ಈ ಮನಸ್ಸಿಗೆ ಒಳ್ಳೆಯ ಕನ್ನಡಿ. ಬೈಲಹೊಂಗಲ ಸೀಮೆಯಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿದ ಆಟವಿದು. ಪರಸತಿ ಗಂಗಿಯನ್ನು ಮೋಹಿಸಿದ ಸಂಗ್ಯಾ, ಅವನಿಗೆ ನೆರವಾಗಿ ಕೊನೆಗೆ ದ್ರೋಹ ಬಗೆದ ಗೆಳೆಯ ಬಾಳ್ಯಾ. ಮುಕ್ಕಾಲು ರಾತ್ರಿ ಆಟ ವಿನೋದದಲ್ಲಿಯೇ ಸಾಗುತ್ತದೆ. ದೂತಿಯಾಗಿ ಬರುವ ಮುದುಕಿಯ ಮಾತಿಗೆ ಹೆಂಗಸರೂ ಸೆರಗು ಬಾಯಿಗಿಟ್ಟು ನಗುತ್ತಾರೆ. ಸಂಗ್ಯಾ ಸಾಯುತ್ತಾನೆಂದು ಪ್ರತಿಯೊಬ್ಬ ಪ್ರೇಕ್ಷಕನಿಗೂ ಮೊದಲೇ ಗೊತ್ತು. ಬೆಳಗಿನ ಜಾವ ಗಂಗಿಯ ಗಂಡನೂ ಅವನ ತಮ್ಮಂದಿರೂ ಸಂಗ್ಯಾನನ್ನು ಸುತ್ತುಗಟ್ಟಿದಾಗ, ರಾತ್ರಿಯೆಲ್ಲ ನಕ್ಕ ಸಭೆ ಮೌನವಾಗುತ್ತದೆ. ಅವನು ಮಾಡಿದ್ದು ತಪ್ಪು ಎಂಬ ಧರ್ಮಬುದ್ಧಿ ಒಂದು ಕಡೆ, ಒಂದು ಜೀವ ಹೋಗುತ್ತಿದೆಯಲ್ಲ ಎಂಬ ಕರುಣೆ ಇನ್ನೊಂದು ಕಡೆ. ತಪ್ಪು ಮಾಡಿದವನ ಸಾವಿಗೂ ಮರುಗಬಲ್ಲ ಆ ಮೌನ ಆಡಿದವರಿಗೂ ನೋಡಿದವರಿಗೂ ಸಲ್ಲುವ ಪುಣ್ಯ. ಆದರೆ ಅದೇ ಗಳಿಗೆಯಲ್ಲಿ ಸಿಳ್ಳೆ ಬಿದ್ದರೆ? ಆಟದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಅನುಮೋದನೆ ಮಾತ್ರ ಬದಲಾಗಿದೆ.

ನಗುವಿನ ಪರವಾಗಿ ಹೇಳಬೇಕಾದ ಮಾತೂ ಇದೆ. ದಿನಕ್ಕೆ ಹತ್ತು ಹನ್ನೆರಡು ತಾಸು ಮಗ್ಗದ ಮುಂದೆ ದುಡಿದವನು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಮನಸಾರೆ ನಕ್ಕರೆ ಅದನ್ನು ಪಾಪವೆನ್ನುವವನು ಮನುಷ್ಯನ ದಣಿವನ್ನು ಅರಿಯದವನು. ಭರತಮುನಿಯ ನಾಟ್ಯಶಾಸ್ತ್ರವು ನಗುವಿನಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂಬ ಆರು ಬಗೆಗಳನ್ನು ಗುರುತಿಸಿ, ಉತ್ತಮರ ನಗು, ಮಧ್ಯಮರ ನಗು, ಅಧಮರ ನಗು ಎಂದು ವಿಂಗಡಿಸಿದೆ. ನಗುವಿನಲ್ಲಿ ಮೆಟ್ಟಿಲುಗಳಿವೆ ಎಂಬುದು ಲೋಕಕ್ಕೆ ಹೊಸ ಮಾತೇನಲ್ಲ. ಎಷ್ಟು ಗಟ್ಟಿಯಾಗಿ ನಗಬೇಕೆಂಬುದನ್ನು ಭರತನು ಅಳೆದರೆ, ಯಾರ ನೋವಿನ ಮೇಲೆ ನಗುತ್ತಿರುವೆ ಎಂದು ಜಿನಮತ ಕೇಳುತ್ತದೆ.

ಈ ಪ್ರಶ್ನೆ ಪಂಡಿತರ ಚರ್ಚೆಗಷ್ಟೇ ಮೀಸಲಲ್ಲ. ಹಲವು ಹಾಸ್ಯಪ್ರಸಂಗಗಳಲ್ಲಿ ಗಂಡನು ಹೆಂಡತಿಯನ್ನು ಬಡಿಯುವುದೇ ವಿನೋದ. ಕುಂಟ, ಕಿವುಡ, ತೊದಲ, ದಪ್ಪ, ಕಪ್ಪು ಎಂಬುದೇ ನಗುವಿನ ಬಂಡವಾಳ. ಗಂಡಸರ ಬದಿಯಿಂದ ನಗೆಯ ಅಲೆ ಏಳುವಾಗ ಹೆಂಗಸರ ಬದಿಯಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿ ಕುಳಿತಿರುತ್ತಾರೆ. ಅವರಿಗೆ ಆ ಏಟು ಬಣ್ಣದ್ದಲ್ಲ, ಮನೆಯಲ್ಲಿ ತಿಂದದ್ದೇ. ಮರುದಿನ ಶಾಲೆಯ ಬಯಲಿನಲ್ಲಿ ಕುಂಟುವ ಹುಡುಗನ ಹಿಂದೆ ನಾಲ್ಕು ಮಕ್ಕಳು ಹಾಸ್ಯಗಾರನಂತೆ ಕುಂಟುತ್ತ ನಡೆಯುತ್ತಾರೆ. ಮಕ್ಕಳು ಆ ನಡಿಗೆಯನ್ನು ರಂಗದ ಮೇಲೆ ಕಂಡರು. ಅದಕ್ಕೆ ನಗಬೇಕೆಂಬುದನ್ನು ಕಲಿತದ್ದು ಮಾತ್ರ ಪಕ್ಕದಲ್ಲಿ ಕುಳಿತ ತಂದೆ ತಾಯಿಯರ ಮುಖದಿಂದ. ಬಿದ್ದವರನ್ನೂ ಏಟು ತಿಂದವರನ್ನೂ ತೋರಿಸಿ ನಗಿಸುವ ದೃಶ್ಯಗಳು ಇಂದು ಮೊಬೈಲಿನಲ್ಲಿ ಜಾತ್ರೆಗೂ ಕಾಯದೆ ಮನೆಯೊಳಗೇ ಬರುತ್ತವೆ. ಒಂದು ಕಾಲದಲ್ಲಿ ವರ್ಷಕ್ಕೆ ಒಂದೆರಡು ರಾತ್ರಿಯ ಮಾತಾಗಿದ್ದದ್ದು ಈಗ ದಿನಕ್ಕೆ ಹಲವು ಬಾರಿಯ ಅಭ್ಯಾಸವಾಗಿದೆ. ಅಭ್ಯಾಸವಾದ ನಗುವಿಗೆ ಚುಚ್ಚುವಿಕೆಯೂ ಇಲ್ಲ.

ಹಾಗಾದರೆ ಶ್ರಾವಕನು ಏನು ಮಾಡಬೇಕು? ಹೋಗುವ ಮುನ್ನ ಆಟ ಎಂಥದು ಎಂದು ತಿಳಿದುಕೊಳ್ಳಬೇಕು. ಕ್ರೌರ್ಯದಲ್ಲಿ ರುಚಿ ಹುಟ್ಟಿಸುವುದೊಂದೇ ಗುರಿಯಾದ ಆಟವಿದ್ದರೆ ಅದು ದುಃಶ್ರುತಿಯೇ; ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬಾರದು, ತಾನೂ ಹೋಗಬಾರದು. ಕ್ರೌರ್ಯವನ್ನು ತೋರಿಸಿ ಮನುಷ್ಯನನ್ನು ಎಚ್ಚರಿಸುವ ಆಟವಿದ್ದರೆ ಹೋಗಲಿ, ನೋಡಲಿ, ನಗಲಿ. ನಗು ಬಂದಾಗ ಅದನ್ನು ಬಲವಂತದಿಂದ ತಡೆಯಬೇಕಿಲ್ಲ; ಬಂದ ನಗುವಿನ ಹಾಸು ಯಾವುದೆಂದು ನೋಡಿಕೊಂಡರೆ ಸಾಕು. ಪಕ್ಕದವನ ನಗುವನ್ನು ತೂಗುವ ಕೆಲಸ ಬೇಡ. ಅವನು ಹೆದರಿ ನಕ್ಕನೋ ಹಿಗ್ಗಿ ನಕ್ಕನೋ ಎಂಬುದು ಕೇವಲಿಗಳಿಗೆ ಗೊತ್ತು. ಪರರ ಪರಿಣಾಮವನ್ನು ತಾನು ಬಲ್ಲೆನೆನ್ನುವುದೂ ಮಾನಕಷಾಯವೇ. ಮನೆಗೆ ಬಂದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾತು ಕೇಳಬಹುದು: ಆ ಏಟು ತಿಂದವನಿಗೆ ಏನನ್ನಿಸಿರಬೇಕು? ನೀತಿಪಾಠದ ಹತ್ತು ಪುಟಗಳು ಮಾಡದ ಕೆಲಸವನ್ನು ಈ ಒಂದು ಪ್ರಶ್ನೆ ಮಾಡುತ್ತದೆ. ಕೊನೆಗೆ ಸಾಮಾಯಿಕಕ್ಕೆ ಕುಳಿತಾಗ, ದಿನದಲ್ಲಿ ತುಳಿದ ಇರುವೆಯನ್ನೂ ಆಡಿದ ಬಿರುನುಡಿಯನ್ನೂ ನೆನೆದು ಪ್ರತಿಕ್ರಮಣ ಮಾಡುವಂತೆ, ಯಾರ ನೋವಿಗೆ ನಕ್ಕೆನೋ ಅದನ್ನೂ ಸೇರಿಸಿಕೊಳ್ಳಬೇಕು. ಜಪಮಾಲೆಯಲ್ಲಿ ಅದಕ್ಕೂ ಒಂದು ಮಣಿಯಿದೆ.

ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ ಒಂದು ಸಭೆ ಬರುತ್ತದೆ. ಆದಿದೇವನ ಮುಂದೆ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿದ್ದಾಳೆ. ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ತೀರುತ್ತದೆ. ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣವೇ ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಸಭೆಯೆಲ್ಲ ಆನಂದಿಸುತ್ತಲೇ ಇತ್ತು. ಒಂದು ಜೀವ ಕಣ್ಣೆದುರೇ ಹೋದದ್ದು ಅಷ್ಟು ಜನರಲ್ಲಿ ಯಾರಿಗೂ ತಿಳಿಯಲಿಲ್ಲ. ಒಬ್ಬ ಪ್ರೇಕ್ಷಕ ಮಾತ್ರ ಅದನ್ನು ಕಂಡನು. ಕಂಡವನು ರಾಜ್ಯವನ್ನು ತೊರೆದು ತಪಸ್ಸಿಗೆ ನಡೆದು ಮೊದಲ ತೀರ್ಥಂಕರನಾದನು.

ಆದಿನಾಥನಿಗೆ ವೈರಾಗ್ಯ ಹುಟ್ಟಿದ್ದು ವನದಲ್ಲಲ್ಲ, ಗುಹೆಯಲ್ಲಲ್ಲ; ಒಂದು ನಾಟ್ಯಸಭೆಯಲ್ಲಿ. ಅವನು ಸಭೆಗೆ ಬರಲಾರೆನೆಂದಿದ್ದರೆ ಅದು ಆಗುತ್ತಿರಲಿಲ್ಲ. ಎಲ್ಲರಂತೆ ಮೈಮರೆತಿದ್ದರೂ ಆಗುತ್ತಿರಲಿಲ್ಲ. ಮುಂದಿನ ಜಾತ್ರೆಯಲ್ಲಿ ಪರದೆ ಮೇಲೇಳುವಾಗ, ಮುಂದಿನ ಸಾಲಿನಲ್ಲಿ ಮಕ್ಕಳು ಕಾತರದಿಂದ ಕುಳಿತಿರುವಾಗ, ಅವರ ಹಿಂದೆ ಕುಳಿತ ಶ್ರಾವಕನು ನೆನೆಯಬೇಕಾದದ್ದು ಆ ಸಭೆಯನ್ನು. ರಂಗದ ಮೇಲೆ ಯಾರೋ ಬೀಳುತ್ತಾರೆ, ಸಭೆ ನಗುತ್ತದೆ, ತಾಳ ತಪ್ಪುವುದಿಲ್ಲ. ಬಿದ್ದವನನ್ನು ಕಂಡವರು ಅಂದು ಒಬ್ಬರಾದರೂ ಇರಲಿ.